ಮನೆಯೊಳಗಿನ ಗೋಲಗುಮ್ಮಟ

ಶಾಲೆಯ ಪ್ರವಾಸದಲ್ಲಿ ವಿಜಯಪುರಕ್ಕೆ ಹೋಗಿ, ಗೋಲಗುಮ್ಮಟದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಏದುಸಿರು ಬಿಡುತ್ತ ಹತ್ತಿ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ನಿಂತು, ಮೇಷ್ಟರ ಕಣ್ಣು ತಪ್ಪಿಸಿ ಗೆಳೆಯನ ಹೆಸರನ್ನು ಕೂಗಿದವರು ನಮ್ಮಲ್ಲಿ ಅನೇಕರಿದ್ದಾರೆ. ಕೂಗಿದ ಹೆಸರು ಒಂದಾದ ಮೇಲೊಂದರಂತೆ ಹಲವು ಸಲ ಮರಳಿ ಬಂದು, ಕೊನೆಕೊನೆಗೆ ಯಾರೋ ದೂರದವರು ಗೊಣಗಿದಂತೆ ಕ್ಷೀಣಿಸಿ ಅಡಗುವುದನ್ನು ಕೇಳಿದವರು ಆ ವಿಸ್ಮಯವನ್ನು ಬಹುಕಾಲ ಮರೆಯಲಾರರು. ಅದನ್ನು ಕೇಳುವುದಕ್ಕಾಗಿ ನಾವು ಟಿಕೆಟ್ಟು ಕೊಂಡು ಹೋಗುತ್ತೇವೆ. ಆದರೆ ಹನ್ನೆರಡು ಅಡಿ ಅಗಲ, ಹದಿನೈದು ಅಡಿ ಉದ್ದದ ನಮ್ಮ ಮನೆಯ ಹಜಾರದಲ್ಲಿ ಆಡಿದ ಪ್ರತಿಯೊಂದು ಮಾತೂ ಒಂದು ಸೆಕೆಂಡಿನೊಳಗೆ ಗೋಡೆ, ನೆಲ, ಸೂರುಗಳಿಗೆ ನೂರಕ್ಕೂ ಹೆಚ್ಚು ಸಲ ತಾಗಿ ಪುಟಿಯುತ್ತಿರುತ್ತದೆ. ಪುಕ್ಕಟೆಯಾಗಿ ನಡೆಯುವ ಆ ಉತ್ಸವ ಮಾತ್ರ ನಮ್ಮ ಕಿವಿಗೆ ಬೀಳುವುದಿಲ್ಲ. ಏಕೆ?

ಈ ಪ್ರಶ್ನೆ ನನ್ನನ್ನು ಕಾಡಿದ್ದು ಪುಸ್ತಕ ಓದುವಾಗಲ್ಲ, ಮೊಮ್ಮಗಳಿಗೊಂದು ಕಥೆಯನ್ನು ಧ್ವನಿಮುದ್ರಿಸಿ ಕಳಿಸಹೊರಟಾಗ. ಪುಣೆಯಲ್ಲಿರುವ ಆ ಹುಡುಗಿಗೆ ಕನ್ನಡದ ಕಥೆ ಬೇಕು, ಅದೂ ತಾತನ ಬಾಯಿಂದಲೇ ಬೇಕು ಎಂದು ನನ್ನ ಮಗಳ ಅಪ್ಪಣೆಯಾಯಿತು. ನಾನು ಆರಿಸಿಕೊಂಡದ್ದು ಕಾಗಕ್ಕ ಗುಬ್ಬಕ್ಕನ ಕಥೆ. ಮಧ್ಯಾಹ್ನದ ಊಟವಾದ ಮೇಲೆ ಬೀದಿ ನಿಶ್ಶಬ್ದವಾಗಿದ್ದ ಹೊತ್ತು ನೋಡಿ, ಫ್ಯಾನು ನಿಲ್ಲಿಸಿ, ಹಜಾರದ ಮೇಜಿನ ಮೇಲೆ ಫೋನನ್ನು ಒರಗಿಸಿಟ್ಟು, ಕುರ್ಚಿಯಲ್ಲಿ ಆರಾಮವಾಗಿ ಹಿಂದಕ್ಕೆ ಒರಗಿ, ಸ್ಪಷ್ಟವಾಗಿ, ನಿಧಾನವಾಗಿ, ಸ್ವಲ್ಪ ಹೆಮ್ಮೆಯಿಂದಲೇ ಓದಿದೆ. ನನ್ನ ಕಿವಿಗೆ ಒಂದು ಲೋಪವೂ ಕಾಣಲಿಲ್ಲ. ಸಂಜೆ ಮಗಳ ಉತ್ತರ ಬಂತು: “ಅಪ್ಪಾ, ಬಚ್ಚಲುಮನೆಯಲ್ಲಿ ಕೂತು ಓದಿದಿರಾ?”

ಕೇಳಿ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು. ಪ್ರತಿಯೊಂದು ಪದಕ್ಕೂ ಒಂದು ಟೊಳ್ಳು ಬಾಲ ಅಂಟಿಕೊಂಡಿತ್ತು. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ತಲೆಯ ಮೇಲೆ ಬಿದ್ದು, ಇಡೀ ಕಥೆ ಬಾವಿಯ ತಳದಿಂದ ಮೇಲೆ ಬಂದಂತಿತ್ತು.

ಮುದ್ರಿತವಾದ ತನ್ನ ಕಂಠ ತನಗೇ ಅಪರಿಚಿತವಾಗಿ ಕೇಳಿಸುವ ಸೋಜಿಗ ಎಲ್ಲರಿಗೂ ಗೊತ್ತು. ನಾವು ನಮ್ಮ ದನಿಯನ್ನು ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಕೇಳುತ್ತೇವೆಂಬ ಅದರ ಕಾರಣವೂ ಈಗ ಹಳೆಯದಾಯಿತು. ನನ್ನ ತೊಡಕು ಅದಲ್ಲ. ದನಿ ನನ್ನದೇ ಎಂದು ಒಪ್ಪಿಕೊಳ್ಳಲು ನಾನು ಸಿದ್ಧ. ಅದರ ಜೊತೆಯಲ್ಲಿ ಬಂದು ಕೂತ ಈ ಕೋಣೆ ಎಲ್ಲಿಂದ ಬಂತು?

ನೇರದನಿ, ಗೋಡೆದನಿ

ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುತ್ತದೆ. ಬಾಯಿಂದ ಹೊರಟು ಕೇಳುವವನ ಕಿವಿಗೆ ನೆಟ್ಟಗೆ ಬರುವುದನ್ನು ನೇರದನಿ ಎನ್ನೋಣ. ಗೋಡೆಗೋ ನೆಲಕ್ಕೋ ತಾಗಿ ಸುತ್ತುದಾರಿಯಲ್ಲಿ ಬರುವುದನ್ನು ಗೋಡೆದನಿ ಎನ್ನೋಣ. ನಾಲ್ಕಡಿ ದೂರದ ಗೋಡೆಗೆ ಹೋಗಿ ಬರಲು ದನಿಗೆ ಹಿಡಿಯುವುದು ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಏಳು ಪಾಲು ಮಾತ್ರ. ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು; ಅಲ್ಲಿ ಎದುರುಗೋಡೆಗೆ ಹೋಗಿ ಮರಳಲು ಸಾವಿರದಲ್ಲಿ ಇನ್ನೂರಿಪ್ಪತ್ತಕ್ಕೂ ಹೆಚ್ಚು ಪಾಲು ಬೇಕು. ಅಂದರೆ ಒಂದು ಅಕ್ಷರವನ್ನು ಪೂರ್ತಿ ಉಚ್ಚರಿಸಿ ಮುಗಿಸುವಷ್ಟು ಕಾಲ.

ವ್ಯತ್ಯಾಸವಿರುವುದು ಇಲ್ಲಿಯೇ. ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಹೆನ್ರಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಸಾರ್ವಜನಿಕ ಕಟ್ಟಡಗಳಲ್ಲಿ ಮಾತು ಏಕೆ ಕಲಸಿಹೋಗುತ್ತದೆಂದು ವಿಚಾರಮಾಡುತ್ತ, ದೊಡ್ಡದೊಂದು ಗೋಡೆಯ ಎದುರಿಗೆ ಚಪ್ಪಾಳೆ ತಟ್ಟುತ್ತ ಅದರ ಕಡೆಗೆ ನಡೆದು ಪರೀಕ್ಷಿಸಿದ. ದೂರದಲ್ಲಿದ್ದಾಗ ಚಪ್ಪಾಳೆಯೊಂದು, ಮಾರ್ದನಿಯೊಂದು. ಗೋಡೆ ಸುಮಾರು ಮೂವತ್ತು ಅಡಿಯಷ್ಟು ಹತ್ತಿರವಾದಾಗ ಎರಡೂ ಬೆರೆತು ಒಂದೇ ಆದವು. ಗೋಡೆ ದನಿಯನ್ನು ಮರಳಿಸುವುದನ್ನು ನಿಲ್ಲಿಸಿರಲಿಲ್ಲ. ಕಿವಿ ಅವೆರಡನ್ನು ಬೇರೆಬೇರೆಯಾಗಿ ಎಣಿಸುವುದನ್ನು ನಿಲ್ಲಿಸಿತ್ತು.

ಅಗ್ರಪೂಜೆ

ಇದೇ ವಿಷಯ ಒಂದು ಶತಮಾನ ಕಳೆದ ಮೇಲೆ ಮತ್ತೆ ಮೇಲೆದ್ದಿತು. ಜರ್ಮನಿಯ ಗೆಟಿಂಗೆನ್ನಿನಲ್ಲಿ ಹೆಲ್ಮುಟ್ ಹಾಸ್ ಎಂಬ ತರುಣನು 1949ರಲ್ಲಿ ಮಂಡಿಸಿದ ತನ್ನ ಮಹಾಪ್ರಬಂಧಕ್ಕಾಗಿ, ಗೋಡೆಗಳ ಉಪದ್ರವವಿಲ್ಲದ ಸ್ಥಳ ಬೇಕೆಂದು ಕಟ್ಟಡವೊಂದರ ಚಪ್ಪಟೆ ಮಾಳಿಗೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಅಲ್ಲಿ ಎರಡು ಧ್ವನಿವರ್ಧಕಗಳನ್ನಿಟ್ಟು, ಒಂದರಿಂದ ಮಾತನ್ನೂ ಇನ್ನೊಂದರಿಂದ ಅದೇ ಮಾತನ್ನು ಲವಲೇಶ ತಡಮಾಡಿಯೂ ಕೇಳಿಸಿದನು. ತಡವು ಸೆಕೆಂಡಿನ ಸಾವಿರದಲ್ಲಿ ಐದರಿಂದ ಮೂವತ್ತು ಪಾಲಿನೊಳಗೆ ಇದ್ದಾಗ, ಎರಡನೆಯದರ ಶಕ್ತಿಯನ್ನು ಮೊದಲನೆಯದರ ಹತ್ತರಷ್ಟು ಮಾಡಿದರೂ, ಕೇಳುಗರಿಗೆ ಮಾತು ಮೊದಲನೆಯ ಧ್ವನಿವರ್ಧಕದಿಂದಲೇ ಬಂದಂತೆ ತೋರಿತು. ಎರಡನೆಯದು ಕೇಳಿಸಲಿಲ್ಲವೆಂದಲ್ಲ, ಅದು ಮೊದಲನೆಯದರೊಳಗೆ ಸೇರಿಹೋಗಿ ಅದನ್ನು ಪುಷ್ಟಿಗೊಳಿಸಿತು, ಆದರೆ ತನ್ನ ವಿಳಾಸವನ್ನು ಕಳೆದುಕೊಂಡಿತು. ಅದೇ ವರ್ಷ ಅಮೆರಿಕದಲ್ಲಿ ವಾಲಾಕ್, ನ್ಯೂಮನ್, ರೋಸೆನ್‌ಜ್ವೈಗ್ ಎಂಬ ಮೂವರು ಮನಶ್ಶಾಸ್ತ್ರಜ್ಞರೂ ಇದೇ ನಿರ್ಣಯಕ್ಕೆ ಬಂದು ಅದಕ್ಕೆ ಪ್ರಿಸಿಡೆನ್ಸ್ ಎಫೆಕ್ಟ್ ಎಂದು ಹೆಸರಿಟ್ಟರು.

ನಾನಾದರೋ ಇದನ್ನು ಅಗ್ರಪೂಜೆ ಎಂದು ಕರೆಯುತ್ತೇನೆ. ರಾಜಸೂಯದ ಸಭೆಯಲ್ಲಿ ಎಷ್ಟು ಮಂದಿ ಅರಸರಿದ್ದರೂ ಮೊದಲ ಅರ್ಘ್ಯ ಒಬ್ಬನಿಗೇ ಸಲ್ಲಬೇಕಷ್ಟೆ. ನಮ್ಮ ಮಿದುಳೂ ಮೊದಲು ಬಂದ ದನಿಗೆ ಆ ಮರ್ಯಾದೆಯನ್ನು ಸಲ್ಲಿಸಿ, ಅದರ ಹಿಂದೆಯೇ ಬರುವ ಗೋಡೆದನಿಗಳನ್ನೆಲ್ಲ ಅದರ ಪರಿವಾರವೆಂದು ಒಳಗೆ ಬಿಟ್ಟುಕೊಳ್ಳುತ್ತದೆ. ಇದರಿಂದ ನಮಗಾಗುವ ಉಪಕಾರ ಸಾಮಾನ್ಯವಲ್ಲ. ಈ ವ್ಯವಸ್ಥೆ ಇಲ್ಲದಿದ್ದರೆ ಅಡಿಗೆಮನೆಯಿಂದ ಕೂಗಿದ ಹೆಂಡತಿ ಆರು ದಿಕ್ಕುಗಳಿಂದ ಒಟ್ಟಿಗೇ ಕೂಗಿದಂತಾಗುತ್ತಿತ್ತು. (ಹಾಗೆ ಆಗದೆ ಇರುವುದು ಮಿದುಳಿನ ದಯೆಯೆಂದೇ ನಾನು ಭಾವಿಸುತ್ತೇನೆ.)

ಮುಚ್ಚಿಟ್ಟದ್ದು ಬಯಲಾಗುವ ಬಗೆ

ಮಿದುಳಿನ ಈ ಮರೆಮಾಚುವಿಕೆಯನ್ನು ಹಿಡಿದುಹಾಕುವುದಕ್ಕೆ ಒಂದು ಸರಳ ಉಪಾಯವಿದೆ. ಹಜಾರದಲ್ಲಿ ಒಂದು ಚಪ್ಪಾಳೆಯನ್ನು ಮುದ್ರಿಸಿಕೊಂಡು, ಅದನ್ನು ಹಿಂದುಮುಂದಾಗಿ ನುಡಿಸಬೇಕು. ಧ್ವನಿಯನ್ನು ಕತ್ತರಿಸಿ ಜೋಡಿಸುವ ಆಪ್‌ಗಳಲ್ಲಿ ಈ ಸೌಕರ್ಯ ಸಾಮಾನ್ಯವಾಗಿ ಇರುತ್ತದೆ. ಸರಿಯಾದ ಕ್ರಮದಲ್ಲಿ ನುಡಿಸಿದಾಗ ‘ಟಪ್’ ಎಂದಷ್ಟೇ ಕೇಳಿಸಿದ್ದು, ತಿರುಗಿಸಿದಾಗ ‘ಶ್ಶ್ಶ್‌ಟಪ್’ ಎಂದು, ದೂರದಿಂದ ಅಲೆಯೊಂದು ಉಬ್ಬಿ ಬಂದು ದಡಕ್ಕೆ ಬಡಿದಂತೆ ಕೇಳಿಸುತ್ತದೆ. ಎರಡರಲ್ಲಿಯೂ ಇರುವ ದನಿ ಒಂದೇ, ಅವಧಿಯೂ ಒಂದೇ. ಆದರೆ ಎರಡನೆಯದರಲ್ಲಿ ಪರಿವಾರವು ಅರಸನಿಗಿಂತ ಮೊದಲೇ ಬಂದುದರಿಂದ ಅಗ್ರಪೂಜೆಯ ನಿಯಮ ಅದಕ್ಕೆ ಅನ್ವಯಿಸದೆ, ಮಿದುಳು ಇಷ್ಟು ದಿನ ಅಡಗಿಸಿಟ್ಟ ಕೋಣೆಯ ಬಾಲ ಪೂರ್ತಿಯಾಗಿ ಹೊರಬೀಳುತ್ತದೆ. ನಾನಿದನ್ನು ಮೊದಲ ಸಲ ಮಾಡಿದಾಗ ಆ ಬಾಲದ ಉದ್ದವನ್ನು ಕೇಳಿ ನನ್ನ ಹಜಾರದ ಮೇಲೆ ನನಗೇ ಬೇಸರ ಬಂತು.

ಇನ್ನೊಂದು ಪರೀಕ್ಷೆಗೆ ಫೋನೂ ಬೇಡ. ಬರಿದಾದ ಕೋಣೆಯಲ್ಲಿ ಒಬ್ಬರನ್ನು ಮಾತಾಡಲು ಬಿಟ್ಟು, ಒಂದು ಕಿವಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿಕೊಳ್ಳಿರಿ. ಮಾತು ಒಡನೆಯೇ ಹೆಚ್ಚು ಗುಂಯ್‌ಗುಡುತ್ತದೆ. ಬೆರಳು ತೆಗೆದರೆ ಮತ್ತೆ ಶುದ್ಧವಾಗುತ್ತದೆ. 1950ರಲ್ಲಿ ಬೆಲ್ ಪ್ರಯೋಗಶಾಲೆಯ ಕೋನಿಗ್ ಎಂಬಾತನು, ಎರಡು ಮೈಕುಗಳಿಂದ ಎರಡು ಕಿವಿಗಳಿಗೆ ಪ್ರತ್ಯೇಕವಾಗಿ ದನಿಯನ್ನು ಮುಟ್ಟಿಸಿದರೆ ಕೋಣೆಯ ಗದ್ದಲ ತಗ್ಗುವುದನ್ನೂ, ಒಂದೇ ಮೈಕಿನದನ್ನು ಎರಡಕ್ಕೂ ಮುಟ್ಟಿಸಿದರೆ ಅದು ಮರಳಿ ತಲೆಯೆತ್ತುವುದನ್ನೂ ಗುರುತಿಸಿದ್ದನು.

ಈಗ ನನ್ನ ಅಪಜಯದ ಕಾರಣ ಕೈಗೆ ಸಿಕ್ಕಿತು. ಕೋಣೆಯಲ್ಲಿ ಕುಳಿತವನಿಗೆ ನೇರದನಿ ಒಂದು ದಿಕ್ಕಿನಿಂದಲೂ ಗೋಡೆದನಿಗಳು ನಾನಾ ದಿಕ್ಕುಗಳಿಂದಲೂ ಬರುತ್ತವೆ; ಎರಡು ಕಿವಿಗಳಿಗೂ ಅವು ತಲುಪುವ ಕಾಲದ ಅಲ್ಪ ಅಂತರವನ್ನು ಹಿಡಿದು ಮಿದುಳು ಅವನ್ನು ವಿಂಗಡಿಸುತ್ತದೆ. ಮೊರದ ಮೇಲೆ ಹರಡಿದ ಅಕ್ಕಿಯಲ್ಲಿ ಕಲ್ಲು ಆರಿಸುವ ಕೆಲಸದಂತೆಯೇ ಇದು: ಕಾಳು ಒಂದು ಕಡೆ, ಕಲ್ಲು ಒಂದು ಕಡೆ. ಒಂಟಿ ಮೈಕು ಹಾಗಲ್ಲ. ಅದು ಕಲ್ಲುಸಹಿತ ಅಕ್ಕಿಯನ್ನು ಬೀಸಿ ಹಿಟ್ಟು ಮಾಡುವ ಗಿರಣಿ. ಯಾವ ದಿಕ್ಕಿನಿಂದ ಬಂದದ್ದನ್ನೂ ಅದು ಒಂದೇ ಎಳೆಯಾಗಿ ಹೊಸೆದುಬಿಡುತ್ತದೆ. ಕೇಳುವವಳ ಇಯರ್‌ಫೋನಿನಲ್ಲಿ ತಾತನೂ ತಾತನ ಗೋಡೆಗಳೂ ಒಂದೇ ಬಿಂದುವಿನಿಂದ ಹೊರಡುತ್ತವೆ. ಹಿಟ್ಟಾದ ಮೇಲೆ ಆರಿಸುವುದೆಂತು?

ಓದುವವನು ತನ್ನ ಕೋಣೆಗೆ ಸರಿಯಾದ ಸಾಕ್ಷಿಯಾಗಲಾರ. ಅವನ ಬಾಯಿಗೂ ಅವನ ಕಿವಿಗೂ ಗೇಣಿನಷ್ಟೂ ದೂರವಿಲ್ಲ; ಎಲುಬಿನ ದಾರಿಯ ದನಿ ಬೇರೆ ಜೊತೆಗಿದೆ. ಅವನಿಗೆ ಕೇಳುವುದೆಲ್ಲ ನೇರದನಿಯೇ. ಆದ್ದರಿಂದ ಧ್ವನಿಮುದ್ರಣ ಮಾಡುವವರು ತಮ್ಮ ಕಿವಿಯ ಮಾತನ್ನು ನಂಬದೆ, ಮೊದಲು ನಾಲ್ಕು ಸಾಲು ಓದಿ, ಅದನ್ನು ಇಯರ್‌ಫೋನಿನಲ್ಲಿ ಕೇಳಿದ ನಂತರವೇ ಮುಂದುವರಿಯುವುದು ಲೇಸು.

ನಮ್ಮ ನಾಡಿನಲ್ಲಿ 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ರೇಡಿಯೋ ನಿಲಯವೊಂದನ್ನು ಸ್ಥಾಪಿಸಿದ, ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾದ ‘ಆಕಾಶವಾಣಿ’ ಎಂಬ ಪದವು ಯಾರ ನಿಲಯದ ಹೆಸರಾಗಿತ್ತೋ ಆ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಬೋಧಿಸುತ್ತಿದ್ದದ್ದು ಮನಶ್ಶಾಸ್ತ್ರವನ್ನು ಎಂಬುದು ನನಗೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ದನಿಯನ್ನು ಕಳಿಸುವುದು ಯಂತ್ರದ ಕೆಲಸವಾದರೂ ಕೇಳುವುದು ಮನಸ್ಸಿನ ಕೆಲಸವಲ್ಲವೆ?

ಮೆತ್ತೆಗಳನ್ನು ಹೊತ್ತ ಪ್ರಾಧ್ಯಾಪಕ

ಕೋಣೆಯ ಬಾಲವನ್ನು ಮೊತ್ತಮೊದಲು ಅಳೆದವನು ಹಾರ್ವರ್ಡಿನ ವಾಲೆಸ್ ಸಾಬಿನ್. 1895ರಲ್ಲಿ ಅಲ್ಲಿನ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸಮಂದಿರದಲ್ಲಿ ಯಾರು ಏನು ಹೇಳಿದರೂ ಯಾರಿಗೂ ತಿಳಿಯದಂತಾದಾಗ, ಅದಕ್ಕೆ ಪರಿಹಾರ ಹುಡುಕುವ ಭಾರ ಇಪ್ಪತ್ತೇಳು ವರ್ಷದ ಈ ಅಧ್ಯಾಪಕನ ತಲೆಗೆ ಬಂತು. ಆ ಖಾಲಿ ಮಂದಿರದಲ್ಲಿ ಒಂದು ದನಿ ಕೇಳಿಸದಂತಾಗಲು ಐದೂವರೆ ಸೆಕೆಂಡು ಬೇಕಾಗುತ್ತಿತ್ತು. ಮೊದಲ ಪದ ಸಾಯುವ ಮೊದಲು ಹತ್ತು ಹನ್ನೆರಡು ಪದಗಳು ಅದರ ಮೇಲೆ ಬಿದ್ದಿರುತ್ತಿದ್ದವು. ಊರು ಮಲಗಿದ ಮೇಲೆ ಸಾಬಿನ್ ತನ್ನ ಸಹಾಯಕರೊಡನೆ ಹತ್ತಿರದ ಸ್ಯಾಂಡರ್ಸ್ ರಂಗಮಂದಿರದಿಂದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ದನಿ ಅಡಗುವವರೆಗಿನ ಕಾಲವನ್ನು ಕಿವಿಯಿಂದಲೇ ಗುರುತಿಸಿ, ಬೆಳಗಾಗುವ ಮೊದಲು ಮೆತ್ತೆಗಳನ್ನು ಸ್ವಸ್ಥಾನಕ್ಕೆ ಸೇರಿಸುತ್ತಿದ್ದನು. ಎಲ್ಲ ಮೆತ್ತೆಗಳನ್ನೂ ಹರಡಿದಾಗ ಐದೂವರೆ ಸೆಕೆಂಡಿನ ಬಾಲ ಒಂದು ಸೆಕೆಂಡಿನ ಆಸುಪಾಸಿಗೆ ಇಳಿಯಿತು.

ಈ ಕೆಲಸದ ನಡುವೆ ಅವನಿಗೊಂದು ಪೇಚಾಯಿತು. ದಿನದಿಂದ ದಿನಕ್ಕೆ ಲೆಕ್ಕ ಅಷ್ಟಿಷ್ಟು ಏರುಪೇರಾಗುತ್ತಿದ್ದುದರ ಕಾರಣ ಅವನು ತೊಟ್ಟ ಬಟ್ಟೆಯೇ ಎಂದು ಹೊಳೆದದ್ದು ಬಹಳ ತಡವಾಗಿ. ಅದುವರೆಗಿನ ಅಳತೆಗಳನ್ನು ಕಸದ ಬುಟ್ಟಿಗೆ ಹಾಕಿ, ಅಲ್ಲಿಂದ ಮುಂದೆ ಪ್ರತಿ ರಾತ್ರಿಯೂ ಅದೇ ಕೋಟು, ಅದೇ ಷರಾಯಿಗಳನ್ನು ತೊಟ್ಟು ಎಲ್ಲವನ್ನೂ ಮೊದಲಿನಿಂದ ಆರಂಭಿಸಿದನು. ವಿಜ್ಞಾನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಾಹಸಗಳುಂಟು; ಇಷ್ಟು ಪ್ರಾಮಾಣಿಕವಾದವು ಬಹಳವಿಲ್ಲ.

ಸಾಬಿನ್ನನ ಅಳತೆಗೋಲು ಇನ್ನೂ ಸೊಗಸಾದದ್ದು: ತೆರೆದ ಕಿಟಕಿ. ಕಿಟಕಿಯಿಂದ ಹೊರಹೋದ ದನಿ ಮರಳುವುದಿಲ್ಲವಾದ್ದರಿಂದ, ಮೆತ್ತೆಯೊಂದು ಎಷ್ಟು ದನಿಯನ್ನು ನುಂಗುತ್ತದೆಂಬುದನ್ನು ಎಷ್ಟು ವಿಸ್ತೀರ್ಣದ ತೆರೆದ ಕಿಟಕಿಗೆ ಅದು ಸಮ ಎಂದು ಅವನು ಹೇಳಿದನು. ನಮ್ಮ ಇಂದಿನ ಮನೆಗಳ ಹಜಾರದಲ್ಲಿ ಗಾರೆಯ ಗೋಡೆ, ನುಣುಪಾದ ಟೈಲ್ಸಿನ ನೆಲ, ಗಾಜಿನ ಬಾಗಿಲು, ಕಾಂಕ್ರೀಟಿನ ಸೂರು; ಈ ಲೆಕ್ಕದಲ್ಲಿ ಕಿಟಕಿಯೇ ಇಲ್ಲದ ಮನೆ.

ಕಂಬಳಿ ನುಂಗುವುದೇನು?

ಕಂಬಳಿ, ಕೌದಿ, ಹತ್ತಿಯ ಹಾಸಿಗೆ ಇವುಗಳ ಒಳಗೆ ಎಳೆಗಳ ನಡುವೆ ಗಾಳಿ ತುಂಬಿಕೊಂಡಿರುತ್ತದೆ. ದನಿಯೆಂದರೆ ಗಾಳಿ ಹಿಂದಕ್ಕೂ ಮುಂದಕ್ಕೂ ತೂಗಾಡುವುದು. ಆ ಗಾಳಿ ಎಳೆಗಳಿಗೆ ತಿಕ್ಕಿಕೊಂಡು ತೂಗಬೇಕಾದಾಗ ಅದರ ಶಕ್ತಿ ಲೇಶಮಾತ್ರದ ಶಾಖವಾಗಿ ಸೋರಿಹೋಗುತ್ತದೆ. ಕೆಲಸ ನಡೆಯುವುದು ತಿಕ್ಕಾಟದಿಂದ, ಆದ್ದರಿಂದ ಗಾಳಿ ಚೆನ್ನಾಗಿ ತೂಗಾಡುವ ಸ್ಥಳದಲ್ಲಿ ಬಟ್ಟೆ ಇರಬೇಕು. ಗೋಡೆಗೆ ಅಂಟಿಕೊಂಡ ಗಾಳಿ ತೂಗಾಡಲಾರದು, ಗೋಡೆ ಬಿಡುವುದಿಲ್ಲ. ಕಂಬಳಿಯನ್ನು ಗೋಡೆಗೆ ಮೊಳೆ ಹೊಡೆದು ಬಿಗಿಯುವುದಕ್ಕಿಂತ ಗೋಡೆಯಿಂದ ಒಂದು ಗೇಣು ಈಚೆಗೆ ಹಗ್ಗದ ಮೇಲೆ ಇಳಿಬಿಡುವುದು ಹೆಚ್ಚು ಫಲಕಾರಿಯಾಗುವುದು ಇದರಿಂದಲೇ.

ಗಂಡು ಕಂಠದ ಮಂದ್ರದ ಅಲೆ ಮೂರು ಮೀಟರಿನಷ್ಟು ಉದ್ದ. ಸಕಾರದ ಸೀಳುದನಿಯ ಅಲೆ ಕೆಲವು ಅಂಗುಲಗಳನ್ನು ಮೀರುವುದಿಲ್ಲ. ತೆಳುವಾದ ಬಟ್ಟೆ ಪುಟ್ಟ ಅಲೆಗಳನ್ನು ನುಂಗಿ, ದೊಡ್ಡ ಅಲೆಗಳನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಹಾಗಾಗಿ ಒಂದೇ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಓದಿದ ಕಥೆ ಮಡಕೆಯೊಳಗೆ ಗೊಣಗಿದಂತೆ ಮಂಕಾಗುವುದುಂಟು. ಇನ್ನು ಮೊಟ್ಟೆಯ ಟ್ರೇಗಳನ್ನು ಗೋಡೆಯ ತುಂಬ ಅಂಟಿಸುವ ಪದ್ಧತಿಯಂತೂ ಶುದ್ಧ ಭ್ರಮೆ. ಆ ತೆಳು ರಟ್ಟು ಹೇಳಿಕೊಳ್ಳುವಷ್ಟು ಏನನ್ನೂ ನುಂಗುವುದಿಲ್ಲ, ಜಿರಳೆಗಳಿಗೆ ವಸತಿಯಾಗಬಹುದು.

ಮಾರು, ಮೊಳ, ಗೇಣು

ಕಂಬಳಿಗಿಂತ ಅಗ್ಗದ ಉಪಾಯವೆಂದರೆ ಹತ್ತಿರ ಸರಿಯುವುದು. ದೇವರ ಮನೆಯಲ್ಲಿ ಊದಿನಕಡ್ಡಿ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ಕೋಣೆಯ ಎಲ್ಲ ಕಡೆಯೂ ಪರಿಮಳ ಹೆಚ್ಚುಕಡಮೆ ಸಮನಾಗಿರುತ್ತದೆ. ಕಡ್ಡಿಯ ಬಳಿಗೆ ಮೂಗು ಒಯ್ದರೆ ಮಾತ್ರ ಅದು ಗಾಢವಾಗುತ್ತದೆ. ಗೋಡೆದನಿಯೂ ಕೋಣೆಯಲ್ಲಿ ಹೀಗೆಯೇ ಸಮನಾಗಿ ಹರಡಿರುತ್ತದೆ. ನೇರದನಿಯಾದರೋ ದೂರ ಅರ್ಧವಾದರೆ ನಾಲ್ಕು ಪಾಲು ಬಲವಾಗುತ್ತದೆ. ನಮ್ಮ ಹಿರಿಯರ ಅಳತೆಯಲ್ಲಿ ನಾಲ್ಕು ಮೊಳಕ್ಕೆ ಒಂದು ಮಾರು, ಎರಡು ಗೇಣಿಗೆ ಒಂದು ಮೊಳ. ಮೈಕಿನಿಂದ ಒಂದು ಮಾರು ದೂರದಲ್ಲಿದ್ದವನು ಒಂದು ಗೇಣಿಗೆ ಬಂದರೆ, ಕೋಣೆ ಇದ್ದಂತೆಯೇ ಇದ್ದು, ಅವನ ನೇರದನಿ ಅರವತ್ತನಾಲ್ಕು ಪಾಲು ಹೆಚ್ಚುತ್ತದೆ. ಕುರ್ಚಿಗೆ ಒರಗಿ ಕೂತ ನನ್ನ ಠೀವಿ ನನಗೆ ಎಷ್ಟು ನಷ್ಟ ಮಾಡಿತೆಂಬುದನ್ನು ಇದರಿಂದ ಲೆಕ್ಕ ಹಾಕಬಹುದು.

ಗೇಣಿಗಿಂತಲೂ ಹತ್ತಿರ ಹೋದರೆ ಬೇರೆ ಪೀಡೆ. ತುಟಿಯ ಮುಂದೆ ಅಂಗೈ ಹಿಡಿದು ‘ಪಕಪಕ’ ಎನ್ನಿರಿ. ಕೈಗೆ ತಾಗುವ ಆ ಉಸಿರಿನ ಗುದ್ದು ಮೈಕಿನ ತೆಳುಪೊರೆಗೆ ಬಿದ್ದರೆ ‘ಧಬ್’ ಎಂಬ ಸದ್ದಾಗುತ್ತದೆ. ನಿತ್ಯದ ಮಾತಿನಲ್ಲಿ ಮಹಾಪ್ರಾಣಗಳನ್ನು ಕೈಬಿಟ್ಟವರಿಗೆ ಇಲ್ಲಿ ಕೊಂಚ ಅನುಕೂಲವಿದೆಯೇನೋ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಕೆನ್ನೆಯ ಕಡೆಗೆ ತುಸು ವಾರೆಯಾಗಿಟ್ಟರೆ ದನಿ ತಲುಪುತ್ತದೆ, ಉಸಿರು ಪಕ್ಕಕ್ಕೆ ಹಾದುಹೋಗುತ್ತದೆ.

ಗುಬ್ಬಕ್ಕ ಒಳಗೆ, ಕಾಗಕ್ಕ ಹೊರಗೆ

ಇಷ್ಟೆಲ್ಲ ತಿಳಿದುಕೊಂಡ ಮೇಲೆ ನಾನು ಮಲಗುವ ಕೋಣೆಯ ಬೀರುವಿನ ಎರಡೂ ಬಾಗಿಲು ತೆರೆದು, ತೂಗುಹಾಕಿದ ಸೀರೆಗಳಿಗೆ ಅಭಿಮುಖವಾಗಿ ಸ್ಟೂಲಿನ ಮೇಲೆ ಕುಳಿತು, ಬೆನ್ನ ಹಿಂದೆ ಹಗ್ಗಕ್ಕೆ ಕಂಬಳಿ ಇಳಿಬಿಟ್ಟು, ಫೋನನ್ನು ಗೇಣು ದೂರದಲ್ಲಿ ಸೀರೆಗಳ ನಡುವೆ ಸಿಕ್ಕಿಸಿ, ಮತ್ತೆ ಓದಿದೆ. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಹೋದಳು. ಮಗಳಿಂದ ಒಪ್ಪಿಗೆ ಬಂತು. ಆದರೆ ಮೊಮ್ಮಗಳು ಇಯರ್‌ಫೋನು ಹಾಕಿಕೊಂಡು ಕೇಳಿ ಹೇಳಿದಳಂತೆ: “ತಾತ ನನ್ನ ತಲೆಯೊಳಗೆ ಕೂತ್ಕೊಂಡು ಮಾತಾಡ್ತಿದಾರೆ!”

ಮಗುವಿನ ಮಾತು ಅಕ್ಷರಶಃ ಸತ್ಯ. ದನಿ ಹೊರಗೆ ಎಲ್ಲೋ ಇದೆ, ಇಂತಿಷ್ಟು ದೂರದಲ್ಲಿದೆ ಎಂದು ಮಿದುಳು ತೀರ್ಮಾನಿಸಲು ಬಳಸುವ ಸುಳಿವುಗಳಲ್ಲಿ, ಅದು ನಮ್ಮಿಂದ ಮುಚ್ಚಿಟ್ಟ ಆ ಗೋಡೆದನಿಯೂ ಒಂದು. ನಮಗೆ ಮಾರ್ದನಿಯಾಗಿ ಕೇಳಿಸದಂತೆ ಅದನ್ನು ಅಡಗಿಸಿ, ತಾನು ಮಾತ್ರ ಅದರಿಂದ ದೂರವನ್ನು ಓದಿಕೊಳ್ಳುತ್ತಿರುತ್ತದೆ. ಗೋಡೆಗಳೇ ಇಲ್ಲದ ದನಿ ಎರಡು ಕಿವಿಗಳಿಗೂ ಸಮನಾಗಿ ಬಂದರೆ ಮಿದುಳು ಅದನ್ನು ಕೂರಿಸಲು ಹೊರಗೆ ಜಾಗ ಸಿಕ್ಕದೆ, ಎರಡು ಕಿವಿಗಳ ನಡುವೆಯೇ ಕೂರಿಸಿಬಿಡುತ್ತದೆ.

ಶ್ರವ್ಯಕಥೆ ಮಾಡುವವರು ಮೊದಲು ಕೋಣೆಯನ್ನು ತೊಡೆದು ಒಣದನಿಯನ್ನೇ ಮುದ್ರಿಸಿ, ಆಮೇಲೆ ಬೇಕಾದಷ್ಟು ಕೋಣೆಯನ್ನು ಯಂತ್ರದಿಂದ ಬೆರೆಸುವುದು ಈ ಕಾರಣಕ್ಕಾಗಿ. ಸಾರಿಗೆ ಉಪ್ಪನ್ನು ಹಾಕಬಹುದು, ತೆಗೆಯುವುದು ಕಷ್ಟ. ಗೋಡೆದನಿಯನ್ನು ತಗ್ಗಿಸುವ ತಂತ್ರಾಂಶಗಳು ಈಗ ಬಂದಿವೆಯಾದರೂ ಅವು ಉಪ್ಪಿನ ಜೊತೆಗೆ ಒಂದಿಷ್ಟು ಸಾರನ್ನೂ ತೆಗೆದುಬಿಡುತ್ತವೆ. ಕಥೆಯಲ್ಲಿ ಯಾರು ಎಲ್ಲಿ ನಿಂತಿದ್ದಾರೆಂಬುದನ್ನು ಹೇಳುವವನು ಹೇಳುವ ಮೊದಲೇ ಈ ಉಪ್ಪು ಹೇಳಿರುತ್ತದೆ. ಬಾಗಿಲು ಹಾಕಿಕೊಂಡ ಕಲ್ಲಿನ ಮನೆಯೊಳಗಿನಿಂದ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ತಾಳು ಎನ್ನುವ ಗುಬ್ಬಕ್ಕನಿಗೆ ಹತ್ತಿರದ ಗೋಡೆಗಳಿರಬೇಕು. ಮನೆ ಕೊಚ್ಚಿಹೋಗಿ ಹೊರಗೆ ನೆನೆಯುತ್ತ ನಿಂತ ಕಾಗಕ್ಕನಿಗೆ ಗೋಡೆಯೇ ಇರಬಾರದು. ನನ್ನ ಮೊದಲ ಮುದ್ರಣದಲ್ಲಿ ಕಾಗಕ್ಕ ಮಳೆಯಲ್ಲಿ ನಿಂತು ಟೈಲ್ಸಿನ ಹಜಾರದ ದನಿಯಲ್ಲಿ ಅಳುತ್ತಿದ್ದಳು. ಅವಳ ದುಃಖವನ್ನು ಯಾರು ನಂಬಿಯಾರು?

ಗುಬ್ಬಕ್ಕನನ್ನು ಬಚ್ಚಲುಮನೆಗೇ ಕರೆದೊಯ್ದು ಮುದ್ರಿಸಿದೆ. ಕಾಗಕ್ಕನ ಮಾತುಗಳಿಗಾಗಿ ಹಾಸ್‌ನನ್ನು ನೆನೆದು ತಾರಸಿಗೆ ಹೋದೆ. ಮೊದಲ ಸಲ ಪಕ್ಕದ ಮನೆಯ ಕುಕ್ಕರು ಕೂಗಿತು, ಎರಡನೆಯ ಸಲ ತರಕಾರಿಯವನು. ಮೂರನೆಯ ಸಲ ಓದುತ್ತಿದ್ದಾಗ ನೀರಿನ ಟ್ಯಾಂಕಿನ ಮೇಲೆ ಕಾಗೆಯೊಂದು ಬಂದು ಕೂತು, ನನ್ನ ಸಾಲು ಮುಗಿಯುವುದನ್ನು ಕಾದಿದ್ದಂತೆ ಎರಡು ಸಲ ಕೂಗಿ ಹಾರಿಹೋಯಿತು. ಅದನ್ನು ಅಳಿಸಲಿಲ್ಲ.